ಒದ್ದೆ ಮಣ್ಣಿನಲ್ಲಿ ಬಾಡಿದ ಸಸಿಗಳು

ಪುಣೆಯ ವಾಕಡದ ನಮ್ಮ ಸೊಸೈಟಿಯಲ್ಲಿ ನನ್ನನ್ನು ಗಿಡದ ಡಾಕ್ಟರ್ ಎನ್ನುತ್ತಾರೆ. ಭಾನುವಾರ ಬೆಳಿಗ್ಗೆ ಯಾರಾದರೊಬ್ಬರು ಬಾಲ್ಕನಿಯ ಕುಂಡ ಎತ್ತಿಕೊಂಡು ಲಿಫ್ಟಿನಲ್ಲಿ ಬಂದೇ ಬರುತ್ತಾರೆ. ಎಲ್ಲರ ದೂರೂ ಒಂದೇ. ದಿನಾ ನೀರು ಹಾಕುತ್ತೇವೆ, ಮಣ್ಣು ಒದ್ದೆ ಇದೆ, ಆದರೂ ಎಲೆ ಜೋತುಬಿದ್ದಿದೆ. ಆಗ ನನ್ನ ಬಾಯಿಗೆ ಬರುವ ಮೊದಲ ಪ್ರಶ್ನೆ ಗಿಡದ ಬಗ್ಗೆ ಅಲ್ಲ, ಮನುಷ್ಯರ ಬಗ್ಗೆ. ನೀರು ಹಾಕುವವರು ಯಾರು? ಮನೆಗೆಲಸದವಳೇ? ಆಕೆ ಬಂದು ಎಷ್ಟು ದಿನವಾಯಿತು? ಈ ಪ್ರಶ್ನೆ ನಾಲಿಗೆಯ ತುದಿಗೆ ಬಂದೊಡನೆ ನುಂಗಿಕೊಳ್ಳುತ್ತೇನೆ. ಕುಂಡದ ತಳದ ತೂತು ಮುಚ್ಚಿದೆಯೇ, ಬೇರು ಕೊಳೆತಿದೆಯೇ ಎಂದು ನೋಡುತ್ತೇನೆ.

ನಮ್ಮ ಕಟ್ಟಡದ ಇಬ್ಬರು ಹುಡುಗಿಯರು ಕೃಷಿ ಪದವಿ ಮುಗಿಸಿ ಅಂಗಾಂಶ ಕೃಷಿಯ ಕಂಪನಿಗಳಿಗೆ ಸೇರಿದ್ದಾರೆ. ಕೆಲಸ ಹೇಗಿರುತ್ತದೆ ಅಂಕಲ್ ಎಂದು ಕೇಳಿದಾಗ ನಾನು ಸಸಿಗಳ ಬಗ್ಗೆ ಅರ್ಧ ಗಂಟೆ ಹೇಳಿದೆ, ಹೇಳಬೇಕಾದದ್ದನ್ನು ಹೇಳಲಿಲ್ಲ. ಅದನ್ನು ಇಲ್ಲಿ ಬರೆಯುತ್ತೇನೆ.

ನಾನು ವಿಜಯಪುರದ ಕಡೆಯವನು. ಸಸ್ಯಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿಕೊಂಡು ಪುಣೆಗೆ ಬಂದು, ತಳೇಗಾಂವ ದಾಭಾಡೆಯ ಹತ್ತಿರದ ಒಂದು ಕಂಪನಿಯಲ್ಲಿ ಸೇರಿ ಅಲ್ಲಿಯೇ ಮುದುಕನಾದೆ. ಕಂಪನಿಯ ಮುಖ್ಯ ಸರಕು ಬಾಳೆ ಸಸಿ. ಗಾಜಿನ ಬಾಟಲಿಯಲ್ಲಿ ಬೆಳೆದ ಬೆರಳುದ್ದದ ಸಸಿಯನ್ನು ಹೊರತೆಗೆದು, ಮೊದಲು ಮಂಜಿನಂಥ ತೇವದ ಶೆಡ್ಡಿನಲ್ಲಿ, ಆಮೇಲೆ ನೆರಳುಬಲೆಯ ಕೆಳಗೆ ಇಟ್ಟು ಹೊರಗಿನ ಗಾಳಿಗೆ ಒಗ್ಗಿಸಿ ರೈತರಿಗೆ ಕೊಡಬೇಕು. ಒಗ್ಗಿಸುವ ಈ ಶೆಡ್ಡಿನ ಜವಾಬ್ದಾರಿ ನನ್ನದಾಗಿತ್ತು. ಸಾವಿರಾರು ಸಸಿಗಳಿಗೆ ನೀರು ಕುಡಿಯುವುದನ್ನೂ ಕುಡಿದದ್ದನ್ನು ಹಿಡಿದಿಟ್ಟುಕೊಳ್ಳುವುದನ್ನೂ ಕಲಿಸುವ ಕೆಲಸ ಎಂದರೆ ತಪ್ಪಾಗಲಾರದು.

ನನ್ನ ಮೊದಲ ಮೇಲಧಿಕಾರಿ ನಾಡಗೌಡರು. ನಮ್ಮ ಸೀಮೆಯವರೇ. ನನ್ನನ್ನು ಕೆಲಸಕ್ಕೆ ತೆಗೆದುಕೊಂಡ ದಿನ ಕ್ಯಾಂಟೀನಿನಿಂದ ಒಂದು ಬಟಾಟೆ ತರಿಸಿದರು. ಎರಡು ಹೋಳು ಕೊಯ್ದು ಒಂದನ್ನು ಬರೀ ನೀರಿನಲ್ಲಿ, ಇನ್ನೊಂದನ್ನು ಉಪ್ಪು ಕದಡಿದ ನೀರಿನಲ್ಲಿ ಹಾಕಿ, ಊಟ ಮಾಡಿಕೊಂಡು ಬಾ ಎಂದರು. ಬಂದು ನೋಡಿದರೆ ಬರೀ ನೀರಿನ ಹೋಳು ಬಿಗಿಯಾಗಿ, ಮುರಿದರೆ ಟಕ್ಕೆನ್ನುವಂತಿತ್ತು. ಉಪ್ಪುನೀರಿನದು ಒದ್ದೆ ಚರ್ಮದ ಹಾಗೆ ಮಡಚಿಕೊಳ್ಳುತ್ತಿತ್ತು. ಕಾಲೇಜಿನಲ್ಲಿ ಇದನ್ನೇ ದೊಡ್ಡ ಹೆಸರುಗಳಲ್ಲಿ ಓದಿದ್ದೆ. ಅವರು ಸರಳವಾಗಿ ಹೇಳಿದರು. ಸಸ್ಯದ ಜೀವಕೋಶ ಗೋಡೆ ಇರುವ ಕೋಣೆ, ಅದರೊಳಗೆ ತೆಳು ಪೊರೆಯ ನೀರಿನ ಚೀಲ. ನೀರು ಯಾವಾಗಲೂ ಲವಣ ಹೆಚ್ಚಿರುವ ಕಡೆಗೆ ಹೋಗುತ್ತದೆ. ಒಳಗೆ ಹೆಚ್ಚಿದ್ದರೆ ಒಳಕ್ಕೆ ಬಂದು ಚೀಲ ಉಬ್ಬಿ ಗೋಡೆಯನ್ನು ಒತ್ತುತ್ತದೆ, ಎಲೆ ನೆಟ್ಟಗೆ ನಿಲ್ಲುತ್ತದೆ. ಹೊರಗೆ ಹೆಚ್ಚಿದ್ದರೆ ಚೀಲ ಗೋಡೆಯಿಂದ ಬಿಟ್ಟುಕೊಂಡು ನಡುವೆ ಮುದುಡಿ ಬೀಳುತ್ತದೆ. ಸುತ್ತ ನೀರಿದ್ದೂ ಗಿಡ ಬಾಯಾರಿ ಸಾಯುತ್ತದೆ.

ಅದರ ಜೊತೆಗೆ ಇನ್ನೊಂದು ಪಾಠವನ್ನೂ ಕಲಿಸಿದರು. "ಹಿರೇಮಠ, ಗಿಡ ಎಂದೂ ಸುಳ್ಳು ಹೇಳಂಗಿಲ್ಲ. ಮನಷ್ಯಾ ಹೇಳ್ತಾನ. ಗಿಡ ಬಾಡಿತಂದ್ರ ಮೊದಲ ಅದರ ಹತ್ರ ನಿಂತಾವನ ಕೈ ನೋಡು" ಎಂದರು. ಆ ಮಾತನ್ನು ನಾನು ಮೂವತ್ತು ವರ್ಷ ನಂಬಿದೆ.

ಆ ಮಾತು ಮೊದಲು ಅನ್ವಯವಾದದ್ದು ನನಗೇ. ಸೇರಿದ ವರ್ಷ ಒಂದು ದಿನ ಬಾಟಲಿಗಳ ಟ್ರೇಗಳನ್ನು ಬಾಗಿಲ ಬಳಿ ಇಳಿಸಿ, ಮುಚ್ಚಳ ತೆಗೆದಿಟ್ಟು, ಫೋನ್ ಬಂತೆಂದು ಆಫೀಸಿಗೆ ಹೋದೆ. ಬಾಟಲಿಯೊಳಗಿನ ಸಸಿ ನೂರಕ್ಕೆ ನೂರು ತೇವದಲ್ಲಿ ಬೆಳೆದದ್ದು. ಅದರ ಎಲೆಗೆ ಮೇಣದ ಹೊದಿಕೆ ಇರುವುದಿಲ್ಲ. ಎಲೆಯ ಕೆಳಗಿನ ಸಣ್ಣ ರಂಧ್ರಗಳಿಗೆ ಎರಡು ತುಟಿಗಳಿದ್ದರೂ ಮುಚ್ಚಿಕೊಳ್ಳುವುದು ಗೊತ್ತಿರುವುದಿಲ್ಲ, ಏಕೆಂದರೆ ಅಲ್ಲಿಯವರೆಗೆ ಮುಚ್ಚಿಕೊಳ್ಳುವ ಪ್ರಸಂಗವೇ ಬಂದಿರಲಿಲ್ಲ. ನಾನು ಮರಳಿ ಬರುವಷ್ಟರಲ್ಲಿ ಇಡೀ ಟ್ರೇ ಬೇಯಿಸಿದ ಸೊಪ್ಪಾಗಿತ್ತು. ಬಾಟಲಿಗಳೇ ಸರಿಯಿರಲಿಲ್ಲ ಎಂದು ಲ್ಯಾಬಿನ ಮೇಲೆ ಹಾಕಿದೆ. ನಾಡಗೌಡರು ನನ್ನ ಕೈ ಹಿಡಿದು ಮಗುಚಿ ನೋಡಿ, ಕೈ ಸರಿ ಇಲ್ಲ ಎಂದರು, ಅಷ್ಟೆ. ಆ ನಾಚಿಕೆಯಿಂದ ನಾನು ಪ್ರಾಮಾಣಿಕನಾಗಬಹುದಿತ್ತು. ಆದದ್ದು ಬೇರೆ. ನನ್ನಂತೆ ಎಲ್ಲರೂ ಸುಳ್ಳು ಹೇಳುತ್ತಾರೆ ಎಂದು ತಿಳಿದುಕೊಂಡೆ.

ಕೆಲಸದಲ್ಲಿ ಅದು ಉಪಯೋಗಕ್ಕೂ ಬಂತು. ಇಂದಾಪುರದ ರೈತರೊಬ್ಬರು ನಾವು ಕೊಟ್ಟ ಸಸಿಗಳೆಲ್ಲ ಸತ್ತವೆಂದು ಆಫೀಸಿಗೆ ಬಂದು ಕೂಗಾಡಿ ಹೋದರು. ನಾನು ಬಸ್ಸು ಹತ್ತಿ ಅವರ ಹೊಲಕ್ಕೇ ಹೋದೆ. ಹನಿ ನೀರಾವರಿ ಸರಿಯಾಗಿತ್ತು, ಮಣ್ಣು ಮುದ್ದೆ ಕಟ್ಟುವಷ್ಟು ಒದ್ದೆ ಇತ್ತು, ಸಸಿಗಳು ಮಾತ್ರ ಅಂಚು ಸುಟ್ಟುಕೊಂಡು ಬಾಡಿದ್ದವು. ಬುಡ ಕೆದರಿದರೆ ಬಿಳಿ ಹರಳು. ಬೇಗ ಬೆಳೆಯಲಿ ಎಂದು ಗೊಬ್ಬರವನ್ನು ಬೇರಿಗೇ ಒತ್ತಿದ್ದರು. ಗೊಬ್ಬರವೂ ಲವಣವೇ, ಬೇರಿನ ನೀರನ್ನು ಅದು ಹೊರಕ್ಕೆ ಎಳೆದುಕೊಂಡಿತ್ತು. ಹಾಕಿಲ್ಲ ಎಂದು ಅವರು ದೇವರಾಣೆ ಮಾಡುತ್ತಿದ್ದರು. ಹರಳನ್ನು ಅಂಗೈ ಮೇಲೆ ಹಿಡಿದು ತೋರಿಸಿದಾಗ ನಕ್ಕು, ಕಬ್ಬಿನ ಹಾಲು ಕುಡಿಸಿ ಕಳಿಸಿದರು. ಕಂಪನಿಯಲ್ಲಿ ನನಗೆ ಪತ್ತೇದಾರ ಎಂಬ ಹೆಸರು ಬಂತು. ಆ ಹೆಸರು ನನಗೆ ಹಿಡಿಸಿತ್ತು.

ನಡುವೆ ಕೆಲಸದ ರೀತಿ ಬದಲಾಯಿತು. ಮೊದಲು ಹೆಂಗಸರು ಝಾರಿ ಹಿಡಿದು ನೀರು ಚಿಮುಕಿಸುತ್ತಿದ್ದರು. ಆಮೇಲೆ ಮಂಜು ಉಗುಳುವ ಫಾಗರ್‌ಗಳು ಬಂದವು. ನಮ್ಮ ಬೋರ್‌ವೆಲ್ ನೀರಿನಲ್ಲಿ ಸುಣ್ಣ ಹೆಚ್ಚು. ಫಾಗರ್‌ನ ಸೂಜಿಮೊನೆಯಷ್ಟು ರಂಧ್ರ ವಾರಕ್ಕೊಮ್ಮೆ ಕಟ್ಟಿಕೊಳ್ಳುತ್ತಿತ್ತು. ಪಂಪಿನ ಕೋಣೆಯಲ್ಲಿ ಒಂದು ಡ್ರಮ್ಮಿನಲ್ಲಿ ಆಸಿಡ್ ತುಂಬಿಟ್ಟು, ಕಟ್ಟಿಕೊಂಡ ಫಾಗರ್‌ಗಳನ್ನು ಬಿಚ್ಚಿ ಅದರಲ್ಲಿ ನೆನೆಹಾಕುತ್ತಿದ್ದೆವು. ಶೆಡ್ಡಿನ ನೆಲದ ಪಾಚಿ ತೊಳೆಯಲು ಬೇರೊಂದು ದ್ರವ, ಬಟ್ಟೆ ಬಿಳುಪು ಮಾಡುವ ಜಾತಿಯದು, ಅದಕ್ಕೆ ಎಲ್ಲರೂ ಹೈಪೋ ಎನ್ನುತ್ತಿದ್ದರು. ಈ ಎರಡೂ ಎಂದೂ ಕೂಡಬಾರದು. ಕೂಡಿದರೆ ಕ್ಲೋರಿನ್ ಅನಿಲ ಏಳುತ್ತದೆ. ಎರಡೂ ಒಂದೇ ಅಂಗಡಿಯಿಂದ, ಒಂದೇ ಅಳತೆಯ ನೀಲಿ ಕ್ಯಾನುಗಳಲ್ಲಿ ಬರುತ್ತಿದ್ದವು. ಇಂಗ್ಲಿಷ್ ಚೀಟಿ ನೀರು ತಾಗಿ ನಾಲ್ಕು ದಿನದಲ್ಲಿ ಕಳಚಿಬೀಳುತ್ತಿತ್ತು. ಬೇರೆ ಬಣ್ಣದ ಕ್ಯಾನು ತರಿಸಿ ಎಂದು ಹೇಳಬೇಕಾದವನು ನಾನು. ಹೇಳಿರಲಿಲ್ಲ.

ಕೊನೆಗೆ ನೀರಿನ ಸುಣ್ಣ ತೆಗೆಯುವ ಸಾಫ್ಟ್‌ನರ್ ಯಂತ್ರವನ್ನೇ ಕೂಡಿಸಿದರು. ಫಾಗರ್ ಕಟ್ಟಿಕೊಳ್ಳುವುದು ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ, ಆಸಿಡ್ ಡ್ರಮ್ಮು ಹಾಗೇ ಉಳಿಯಿತು. ನೀರು ಅದರ ಮೂಲಕ ಹಾಯ್ದು ಎತ್ತರದ ಟ್ಯಾಂಕಿಗೆ, ಅಲ್ಲಿಂದ ಶೆಡ್ಡಿಗೆ. ವಾರಕ್ಕೆ ಎರಡು ಸಲ ಸಂಜೆ ಆ ಯಂತ್ರಕ್ಕೆ ಉಪ್ಪುನೀರು ಹಾಯಿಸಿ ತೊಳೆಯಬೇಕು, ತೊಳೆದ ನೀರು ಚರಂಡಿಗೆ ಹೋಗಬೇಕು. ಅದನ್ನು ನೋಡಿಕೊಳ್ಳುತ್ತಿದ್ದವನು ಗಣಪತ ಎಂಬ ಮಿಸ್ತ್ರಿ. ಮಾತು ಕಡಿಮೆ, ತಂಬಾಕು ಹೆಚ್ಚು.

ನಾನು ನಿವೃತ್ತನಾಗಲು ಒಂದು ವರ್ಷವೂ ಉಳಿದಿರಲಿಲ್ಲ, ಆಗ ಸಸಿಗಳು ಬಾಡತೊಡಗಿದವು.

ಶೆಡ್ಡಿನ ಮೊದಲ ನಾಲ್ಕು ಸಾಲು ಮಾತ್ರ. ವಾರದಲ್ಲಿ ಎರಡು ಬೆಳಿಗ್ಗೆ ಮಾತ್ರ. ಮಣ್ಣು ಒದ್ದೆ, ಎಲೆ ಜೋತು. ಒಂದು ಬೇರನ್ನು ತೆಳುವಾಗಿ ಕೊಯ್ದು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಒಂದೊಂದು ಕೋಶದಲ್ಲೂ ಚೀಲ ಗೋಡೆ ಬಿಟ್ಟು ನಡುವೆ ಉಂಡೆಯಾಗಿತ್ತು. ಉಪ್ಪಿನ ಕೆಲಸ, ಸಂಶಯವಿಲ್ಲ. ಲವಣ ಅಳೆಯುವ ಮೀಟರ್ ತೆಗೆದುಕೊಂಡು ಟ್ಯಾಂಕಿನ ಏಣಿ ಹತ್ತಿ, ಮೇಲಿನಿಂದ ಅದ್ದಿ ನೋಡಿದೆ. ನೀರು ಸರಿಯಾಗಿತ್ತು. ಮೂರು ದಿನ ಮಧ್ಯಾಹ್ನ ನೋಡಿದೆ, ಮೂರೂ ದಿನ ಸರಿಯಾಗಿತ್ತು. ಕುಂಡದಿಂದ ಬಸಿದ ನೀರಿನಲ್ಲಿ ಮಾತ್ರ ಲವಣ ಏರಿತ್ತು. ಟ್ಯಾಂಕಿನಲ್ಲಿ ಇಲ್ಲದ್ದು ಕುಂಡದಲ್ಲಿದೆ ಎಂದರೆ ನಡುವೆ ಯಾರೋ ಹಾಕುತ್ತಿದ್ದಾರೆ. ನನಗೆ ಬೇರೆ ಉತ್ತರ ಹೊಳೆಯಲೇ ಇಲ್ಲ.

ಆ ನಾಲ್ಕು ಸಾಲು ಭೀಮಬಾಯಿಯವು. ಯಾದಗಿರಿ ಕಡೆಯಿಂದ ಗಂಡನ ಜೊತೆ ಕಟ್ಟಡ ಕೆಲಸಕ್ಕೆ ಬಂದವಳು, ಗಂಡ ಅಟ್ಟಣಿಗೆ ಮೇಲಿಂದ ಬಿದ್ದು ಕಾಲು ಮುರಿದುಕೊಂಡ ಮೇಲೆ ನಮ್ಮಲ್ಲಿ ಸೇರಿದ್ದಳು. ನಲವತ್ತರ ಆಸುಪಾಸು. ಓದು ಬಾರದು. ಕೈ ಮಾತ್ರ ಶೆಡ್ಡಿನಲ್ಲಿ ಎಲ್ಲರಿಗಿಂತ ಹಗುರ. ನನ್ನೊಂದಿಗೆ ಕನ್ನಡ, ಮಿಕ್ಕವರೊಂದಿಗೆ ತನ್ನದೇ ಮರಾಠಿ. ಒಮ್ಮೆ ನಾನು ಟ್ರೇ ಎಣಿಸುವಾಗ ತಪ್ಪಿದ್ದಕ್ಕೆ, "ಸರ, ಚಷ್ಮಾ ಹಣಿ ಮ್ಯಾಗ ಇಟ್ಕೊಂಡ್ರ ಸಸಿ ಕಾಣ್ಸಂಗಿಲ್ರಿ" ಎಂದು ಎಲ್ಲರೆದುರು ನಗಿಸಿದ್ದಳು. ಸಸಿಗಳು ಬಾಡತೊಡಗಿದ ತಿಂಗಳಲ್ಲೇ, ನಮ್ಮ ಶೆಡ್ಡಿನಲ್ಲಿದ್ದ ಆಕೆಯ ತಂಗಿಯನ್ನು ಕೆಲಸದಿಂದ ತೆಗೆದಿದ್ದರು. ತೆಗೆಯಿರಿ ಎಂದು ಬರೆದುಕೊಟ್ಟವನು ನಾನೇ. ಸೇಡು ಎಂಬ ಪದ ನನ್ನ ತಲೆಯಲ್ಲಿ ಕೂತದ್ದು ಆಗ.

ಕೂತ ಮೇಲೆ ಎಲ್ಲವೂ ಅದಕ್ಕೆ ಹೊಂದಿಕೊಳ್ಳುತ್ತ ಹೋಯಿತು. ಊಟದ ಹೊತ್ತಿಗೆ ಹೆಂಗಸರು ಕೈ ತೊಳೆಯಲು ಹೋದಾಗ ನಾನು ಆಕೆಯ ಚೀಲ ತೆರೆದು ನೋಡಿದೆ. ಖಡಕ್ ರೊಟ್ಟಿ, ಹಸಿಮೆಣಸಿನಕಾಯಿ, ಅರಿವೆ ತುಣುಕಿನಲ್ಲಿ ಉಪ್ಪಿನ ಗಂಟು. ನಮ್ಮ ತಾಯಿಯ ಬುತ್ತಿಯಲ್ಲೂ ಅದೇ ಇರುತ್ತಿತ್ತು. ಒಂದು ಚಮಚೆ ಉಪ್ಪಿನಿಂದ ನಾಲ್ಕು ಸಾಲು ಬಾಡುವುದಿಲ್ಲ ಎನ್ನುವುದು ನನಗೆ ಗೊತ್ತಿರಬೇಕಿತ್ತು. ಆದರೂ ಸಿಕ್ಕಿತು ಎನಿಸಿತು.

ಆಮೇಲೆ ಕಣ್ಣಿಗೆ ಬಿದ್ದದ್ದು ಕ್ಯಾನುಗಳ ಚಿಂದಿ. ಪಂಪಿನ ಕೋಣೆಯಲ್ಲಿ ಒಂದು ನೀಲಿ ಕ್ಯಾನಿನ ಹಿಡಿಕೆಗೆ ಕೆಂಪು ಸೀರೆಯ ಚಿಂದಿ, ಇನ್ನೊಂದಕ್ಕೆ ಬಿಳಿ ಚಿಂದಿ ಕಟ್ಟಿತ್ತು. ಕೆಲವು ದಿನ ಬಿಟ್ಟು ನೋಡಿದರೆ ಕೆಂಪು ಚಿಂದಿ ಬೇರೆ ಕ್ಯಾನಿಗೆ ಹೋಗಿರುತ್ತಿತ್ತು. ಕಟ್ಟುತ್ತಿದ್ದವಳು ಭೀಮಬಾಯಿ ಎಂದು ವಿಚಾರಿಸದೆಯೇ ತಿಳಿದುಕೊಂಡೆ. ಇದು ಯಾರಿಗೋ ಕೊಡುವ ಸನ್ನೆ ಎಂದು ನನ್ನ ಬುದ್ಧಿ ಹೇಳಿತು. ಹೈಪೋದಲ್ಲೂ ಲವಣ ಇರುತ್ತದೆ. ಹೊತ್ತು ನೋಡಿ ಅದನ್ನು ನೀರಿನ ಪೈಪಿಗೆ ಸುರಿಯುತ್ತಿರಬಹುದು.

ಯಾಕೆ ಕಟ್ಟಿದ್ದೀ ಎಂದು ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಆದರೆ ಅನುಮಾನ ಬಂದವನು ಕೇಳುವುದಿಲ್ಲ, ಕೇಳಿದರೆ ಕಳ್ಳ ಎಚ್ಚರವಾಗುತ್ತಾನೆ ಅಂದುಕೊಳ್ಳುತ್ತಾನೆ. ಒಂದು ಸೋಮವಾರ ಎಲ್ಲರೂ ಹೋದ ಮೇಲೆ ನಾನು ಎರಡೂ ಚಿಂದಿ ಬಿಚ್ಚಿ ಜೇಬಿಗೆ ಹಾಕಿಕೊಂಡೆ. ಕ್ಯಾನುಗಳ ಜಾಗ ಅದಲುಬದಲು ಮಾಡಿದೆ. ಎಷ್ಟು ಖರ್ಚಾಗುತ್ತದೆಂದು ತಿಳಿಯಲು ಹೈಪೋ ಕ್ಯಾನಿನ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದೆ. ಗುರುತು ಸಿಗದೆ ತಡಬಡಾಯಿಸುತ್ತಾಳೆ, ಆಗ ಕೈಯಾರೆ ಹಿಡಿಯಬಹುದು. ಮ್ಯಾನೇಜರ್ ಶಿಂದೆ ಸಾಹೇಬರಿಗೂ ಹೇಳಲಿಲ್ಲ. ಹಿಡಿದ ಮೇಲೆಯೇ ಹೇಳಬೇಕೆಂದಿದ್ದೆ.

ಮಂಗಳವಾರ ಬೆಳಿಗ್ಗೆ ಎಂಟು ಗಂಟೆ. ಪಂಪಿನ ಕೋಣೆಗೆ ಎದುರಾಗಿ ಶೆಡ್ಡಿನ ಪಾಲಿಥಿನ್ ಗೋಡೆಯಲ್ಲಿ ಗಾಳಿಗೆಂದು ಬಿಟ್ಟ ಒಂದು ತೆರಪು ಇತ್ತು. ನಾನು ಅಲ್ಲಿ ನಿಂತೆ. ಭೀಮಬಾಯಿ ಬಂದಳು. ಮೂಗು ಬಾಯಿಗೆ ಸೆರಗು ಬಿಗಿದುಕೊಂಡಿದ್ದಳು. ಕೋಣೆಯಲ್ಲಿ ಹಾಗೆ ಕಟ್ಟಿಕೊಳ್ಳಬೇಕೆಂದು ಕಲಿಸಿದವನು ನಾನೇ. ಕ್ಯಾನುಗಳ ಮುಂದೆ ನಿಂತಳು. ಒಂದರ ಹಿಡಿಕೆ ಮುಟ್ಟಿದಳು, ಇನ್ನೊಂದರ ಹಿಡಿಕೆ ಮುಟ್ಟಿದಳು. ತಡಬಡಾಯಿಸಿದಳು ಎಂದು ನನಗೆ ಒಳಗೊಳಗೇ ಗೆಲುವಾಯಿತು. ಆಸಿಡ್ ಇರುತ್ತಿದ್ದ ಜಾಗದ ಕ್ಯಾನನ್ನು ಎತ್ತಿದಳು. ಅದು ಗೆರೆ ಎಳೆದ ಕ್ಯಾನು. ಈಗ ಪೈಪಿನ ಕಡೆ ಹೋಗುತ್ತಾಳೆ ಎಂದುಕೊಂಡೆ. ಹೋಗಲಿಲ್ಲ. ಫಾಗರ್ ನೆನೆಹಾಕಿದ ಡ್ರಮ್ಮಿನ ಹತ್ತಿರ ಹೋದಳು. ಆಸಿಡ್ ಕಡಿಮೆಯಾಗಿತ್ತು, ತುಂಬಬೇಕಿತ್ತು. ಆಕೆಯ ದಿನದ ಕೆಲಸವೇ ಅದು.

ಕ್ಯಾನಿನಲ್ಲಿ ಏನಿದೆ ಎಂದು ನನಗೆ ಗೊತ್ತು. ಡ್ರಮ್ಮಿನಲ್ಲಿ ಏನಿದೆ ಎಂದೂ ಗೊತ್ತು. ಕೂಡಿದರೆ ಏನಾಗುತ್ತದೆ ಎಂದು ಆ ಆವರಣದಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವನು ನಾನು. ಮುಚ್ಚಳ ತಿರುವಿದಳು. ಕ್ಯಾನನ್ನು ತೊಡೆಗೆ ಆನಿಸಿಕೊಂಡು, ಒಮ್ಮೆ ಹೊರಗಡೆ ಹೊರಳಿ ನೋಡುತ್ತ ನಿಂತಳು. ಆಮೇಲೆ ಬಗ್ಗಿಸಿದಳು. ಆ ನಿಂತ ಹೊತ್ತು ಎಷ್ಟು ಎಂದು ಈಗಲೂ ಕೈಗಡಿಯಾರ ಹಿಡಿದು ಲೆಕ್ಕ ಹಾಕುತ್ತೇನೆ. ಒಮ್ಮೆ ಮೂರು ಸೆಕೆಂಡು, ಒಮ್ಮೆ ಆರು. ಮೂರಾದರೆ ನನಗೆ ಹೊಳೆಯಲಿಲ್ಲ ಎನ್ನಬಹುದು. ಆರಾದರೆ ಎನ್ನಲಾಗದು.

ಹಸಿರು ಹಳದಿಯ ಹೊಗೆ ಡ್ರಮ್ಮಿನ ಅಂಚಿನಿಂದ ಮೇಲಕ್ಕೆ ಏಳಲಿಲ್ಲ, ಹಾಲು ಉಕ್ಕಿದಂತೆ ಕೆಳಕ್ಕೆ ಇಳಿದು ನೆಲದ ಮೇಲೆ ಹರಡಿತು. ಆಕೆ ಕ್ಯಾನು ಬಿಟ್ಟು ಎರಡು ಹೆಜ್ಜೆ ಹಿಂದೆ ಬಂದು, ಬಾಗಿಲ ಹೊಸ್ತಿಲಲ್ಲಿ ಮಂಡಿಯೂರಿದಳು. ನನ್ನ ಬಾಯಿಂದ ಧ್ವನಿ ಹೊರಟದ್ದು ಆಗ. ಗಣಪತ ಎಲ್ಲಿದ್ದನೋ, ತಲೆಯ ಟವೆಲ್ಲನ್ನು ನೀರಿನ ತೊಟ್ಟಿಯಲ್ಲಿ ಅದ್ದಿ ಮುಖಕ್ಕೆ ಸುತ್ತಿಕೊಂಡು ನುಗ್ಗಿದ. ಹೊಸ್ತಿಲಿನಿಂದ ಆಚೆಗೆ ಅವನು ಎಳೆದ, ನಾನು ಕಾಲು ಹಿಡಿದೆ. ಗಾಳಿ ಬರುವ ಕಡೆಗೆ, ಎತ್ತರಕ್ಕೆ ಎಂದು ಕೂಗುತ್ತಿದ್ದೆ. ಅಷ್ಟು ಮಾತ್ರ ಸರಿಯಾಗಿ ಮಾಡಿದೆ.

ತಳೇಗಾಂವದ ಆಸ್ಪತ್ರೆಯ ಡಾಕ್ಟರು ಇನ್ನೂ ಚಿಕ್ಕವರು. ಈಗ ಮಾತಾಡುತ್ತಿದ್ದಾಳೆಂದು ಸಮಾಧಾನ ಪಡಬೇಡಿ, ಒಂದು ದಿನ ಕಳೆಯಬೇಕು ಎಂದರು. ಅನಿಲ ತಾಗಿದ ಶ್ವಾಸಕೋಶದ ಪೊರೆಗಳು ಸೋರತೊಡಗುತ್ತವಂತೆ. ಗಾಳಿ ಇರಬೇಕಾದ ಜಾಗಕ್ಕೆ ಮೈಯ ನೀರೇ ಬಂದು ತುಂಬುತ್ತದಂತೆ. ನಾನು ತಲೆಯಾಡಿಸಿದೆ. ಪೊರೆ ಎಂದರೇನು, ಅದು ಕೆಟ್ಟರೆ ನೀರು ಎತ್ತ ಹೋಗುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಅದೇ ಸಂಜೆ ಶಿಂದೆ ಸಾಹೇಬರು ನನ್ನ ಹೇಳಿಕೆ ಬರೆಸಿಕೊಂಡರು. ಶೆಡ್ಡಿನಲ್ಲಿದ್ದೆ, ಕೆಮ್ಮು ಕೇಳಿ ಓಡಿಬಂದೆ ಎಂದು ಬರೆದೆ. ಚಿಂದಿಯ ವಿಷಯ ಬರೆಯಲಿಲ್ಲ. ಅದು ಜೇಬಿನಲ್ಲೇ ಇತ್ತು.

ಭೀಮಬಾಯಿ ಮೊದಲ ದಿನ ದಾಟಿದಳು. ಗುರುವಾರ ಆಕ್ಸಿಜನ್ ಕಡಿಮೆ ಮಾಡಿದರು. ಶುಕ್ರವಾರ ಬೆಳಿಗ್ಗೆ ಶೆಡ್ಡಿಗೆ ಹೋದರೆ ಮೊದಲ ನಾಲ್ಕು ಸಾಲು ಬಾಡಿ ಬಿದ್ದಿದ್ದವು.

ಆಕೆ ಆಸ್ಪತ್ರೆಯ ಮಂಚದ ಮೇಲಿದ್ದಳು. ಸಸಿಗಳು ಇಲ್ಲಿ ಬಾಡಿದ್ದವು. ನಾಚಿಕೆಗೇಡಿನ ಮಾತು ಹೇಳುತ್ತೇನೆ. ನನಗೆ ಮೊದಲು ಬಂದ ಯೋಚನೆ, ಹಾಗಾದರೆ ಗಣಪತನೇ ಇರಬೇಕು ಎಂದು. ಆಮೇಲೆ ಅಲ್ಲಿಯೇ ಕುಂಡಗಳ ನಡುವೆ ಕೂತುಬಿಟ್ಟೆ.

ಆ ದಿನ ಮೊದಲ ಬಾರಿಗೆ ಟ್ಯಾಂಕಿನ ನೀರನ್ನು ಮೇಲಿನಿಂದ ಅದ್ದದೆ, ತಳದ ನಳದಿಂದ ಹಿಡಿದೆ. ಮೀಟರಿನ ಅಂಕಿ ಏರುತ್ತಲೇ ಹೋಯಿತು. ನಾಲಿಗೆಗೆ ಹಚ್ಚಿಕೊಂಡರೆ ಉಪ್ಪು. ಉಪ್ಪುನೀರು ಭಾರ, ಅದು ತಳದಲ್ಲಿ ಮಲಗುತ್ತದೆ. ಬೆಳಿಗ್ಗೆ ಶೆಡ್ಡಿಗೆ ಮೊದಲು ಹರಿಯುವುದು ತಳದ ನೀರೇ, ಮೊದಲು ಮುಟ್ಟುವುದು ಹತ್ತಿರದ ನಾಲ್ಕು ಸಾಲನ್ನೇ. ಮಧ್ಯಾಹ್ನ ಏಣಿ ಹತ್ತಿ ಮೇಲಿನಿಂದ ಅದ್ದುವವನಿಗೆ ಅದು ಎಂದೂ ಸಿಗುವುದಿಲ್ಲ. ಗಣಪತನನ್ನು ಕರೆದೆ. ಅವನು ಸಾಫ್ಟ್‌ನರ್‌ನ ವಾಲ್ವ್ ಬಿಚ್ಚಿ ತೋರಿಸಿದ. ರಬ್ಬರ್ ವಾಶರ್ ಸವೆದು ಅಂಚು ಹರಿದಿತ್ತು. ಯಂತ್ರ ತೊಳೆದ ಸಂಜೆಯೆಲ್ಲ ಉಪ್ಪುನೀರಿನ ಒಂದು ಪಾಲು ಚರಂಡಿಗೆ ಹೋಗದೆ ಟ್ಯಾಂಕಿಗೆ ಸೇರುತ್ತಿತ್ತು. ಹೊಸ ವಾಶರ್ ಬೇಕೆಂದು ಅವನು ಸ್ಟೋರಿನ ಪುಸ್ತಕದಲ್ಲಿ ಮೂರು ಸಲ ಬರೆಸಿದ್ದ. ನನಗೆ ಯಾಕೆ ಹೇಳಲಿಲ್ಲ ಎಂದೆ. ನೀವು ನನ್ನನ್ನು ನೋಡುವ ರೀತಿಗೆ ನಿಮ್ಮ ಹತ್ತಿರ ಬರಲು ಮನಸ್ಸಾಗುವುದಿಲ್ಲ ಎಂದು ಮರಾಠಿಯಲ್ಲಿ ಹೇಳಿ, ತಂಬಾಕು ಉಗುಳಲು ಹೋದ.

ಶನಿವಾರ ಶಿಂದೆ ಸಾಹೇಬರು ಒಂದು ಕಾಗದ ಕೊಟ್ಟರು. ಕೆಲಸಗಾರಳು ಓದು ಬಾರದವಳು, ತನ್ನ ಅಜಾಗರೂಕತೆಯಿಂದ ಕ್ಯಾನು ಬದಲಿಸಿ ಸುರಿದಳು, ಕಂಪನಿಯ ತಪ್ಪೇನೂ ಇಲ್ಲ ಎಂದು ಅದರಲ್ಲಿತ್ತು. ಗಂಡನ ಹತ್ತಿರ ಕಳಿಸಿದ್ದರಂತೆ, ಆಕೆ ಓದಿಸಿ ಕೇಳದೆ ಹೆಬ್ಬೆಟ್ಟು ಒತ್ತುವುದಿಲ್ಲ ಎಂದಳಂತೆ. ನಿಮಗೆ ಅವಳ ಭಾಷೆ ಬರುತ್ತದೆ, ನಿಮ್ಮ ಮಾತು ಕೇಳುತ್ತಾಳೆ, ಒತ್ತಿಸಿಕೊಂಡು ಬನ್ನಿ ಎಂದರು. ಒತ್ತಿದರೆ ಆಕೆಯ ಕೆಲಸ ಹೋಗುತ್ತದೆ, ಚಿಕಿತ್ಸೆಯ ಹೊಣೆಯೂ ಕಂಪನಿಯ ಮೇಲಿರುವುದಿಲ್ಲ ಎನ್ನುವುದು ನಮ್ಮಿಬ್ಬರಿಗೂ ಗೊತ್ತಿತ್ತು. ಕಾಗದವನ್ನು ಫೈಲಿನಲ್ಲಿಟ್ಟುಕೊಂಡು ಹೋದೆ. ತೋರಿಸುತ್ತೇನೋ ಇಲ್ಲವೋ, ಆಸ್ಪತ್ರೆಯ ಮೆಟ್ಟಿಲು ಹತ್ತುವಾಗಲೂ ನನಗೆ ತಿಳಿದಿರಲಿಲ್ಲ.

ಕಿಟಕಿಯ ಪಕ್ಕದ ಮಂಚ. ಭೀಮಬಾಯಿಯ ಧ್ವನಿ ಗೊಗ್ಗರಾಗಿತ್ತು. ಸಸಿ ಹೆಂಗದಾವ್ರಿ ಎಂದು ಕೇಳಿದಳು. ವಾಲ್ವಿನ ವಿಷಯ ಹೇಳಿದೆ. ನಾನು ಜೇಬಿನಿಂದ ಎರಡು ಚಿಂದಿ ತೆಗೆದು ಹೊದಿಕೆಯ ಮೇಲಿಟ್ಟೆ. ಆಕೆ ಕೆಂಪು ಚಿಂದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಕೆಂಪಂದ್ರ ಆಸಿಡ್ರಿ, ಬಿಳೇದು ಹೈಪೋ. ಒಂದು ಕ್ಯಾನ್ ಖಾಲಿ ಆತಂದ್ರ ಬಿಚ್ಚಿ ಹೊಸಾದಕ್ಕ ಕಟ್ತಿದ್ದೆ. ನಮಗ ಓದ್ಲಿಕ್ಕ ಬರಂಗಿಲ್ಲಲ್ಲ," ಎಂದಳು. ನಡುವೆ ಎರಡು ಸಲ ಕೆಮ್ಮಿದಳು.

"ನಾನಽ ಬಿಚ್ಚಿದೆ, ಭೀಮಬಾಯಿ. ಜಾಗಾನೂ ನಾನಽ ಬದಲಿ ಮಾಡಿದೆ. ನಿನ್ನ ಮ್ಯಾಲ ಅನುಮಾನ ಇತ್ತು," ಎಂದೆ.

ಆಕೆ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

"ಅವತ್ತು ಚಿಂದಿ ಕಾಣ್ಲಿಲ್ಲ, ನನಗೂ ದಿಗಿಲಾತ್ರಿ. ಸುರೀಲೋ ಬ್ಯಾಡೋ ಅಂತ ನಿಂತೆ. ಹೊಳ್ಳಿ ನೋಡಿದ್ರ ಆ ತೆರಪಿನ್ಯಾಗ ನೀವು ನಿಂತಿದ್ರಿ. ನನ್ನಽ ನೋಡ್ಲಕತ್ತಿದ್ರಿ. ಸರ ನೋಡ್ಲಕತ್ತಾರ, ತಪ್ಪಿದ್ರ ಒದರತಾರ ಅಂದ್ಕೊಂಡೆ. ನೀವು ಒದರಲಿಲ್ಲ. ಹಂಗಾರ ಸರಿನೇ ಅದ ಅಂತ ಸುರುವಿದೆ."

ಪಾಲಿಥಿನ್ ಹಿಂದಿನ ನೆರಳಿನಲ್ಲಿ ನಾನು ಕಾಣುವುದಿಲ್ಲ ಎಂದು ಆವರೆಗೆ ನಂಬಿದ್ದೆ. ಆಕೆ ಕೇಳಿದ್ದಳು. ಬಾಯಿ ತೆರೆಯದೆ, ನನ್ನ ಮುಖ ನೋಡಿ ಕೇಳಿದ್ದಳು. ನಾನು ಸುಮ್ಮನಿದ್ದು ಸರಿ ಎಂದು ಉತ್ತರ ಕೊಟ್ಟಿದ್ದೆ. ಮೂರು ಸೆಕೆಂಡೋ ಆರೋ ಎನ್ನುವ ನನ್ನ ಲೆಕ್ಕಕ್ಕೆ ಅಲ್ಲಿಗೆ ಅರ್ಥ ಉಳಿಯಲಿಲ್ಲ. ಆದರೂ ಹಾಕುತ್ತಲೇ ಇದ್ದೇನೆ.

ಫೈಲು ತೆರೆಯದೆ ಮರಳಿದೆ. ಭಾನುವಾರ ಮನೆಯಲ್ಲಿ ಕೂತು ಹೊಸ ಹೇಳಿಕೆ ಬರೆದೆ. ಬಾಡಿದ ಸಾಲು, ಮೇಲಿನಿಂದ ಅದ್ದಿದ ಮೀಟರ್, ಉಪ್ಪಿನ ಗಂಟು, ಚಿಂದಿ, ಪೆನ್ಸಿಲ್ ಗೆರೆ, ತೆರಪು, ಎಲ್ಲವನ್ನೂ. ಸೋಮವಾರ ಶಿಂದೆ ಸಾಹೇಬರು ಓದುತ್ತ ಹೋದಂತೆ ಕುರ್ಚಿಯಲ್ಲಿ ಹಿಂದಕ್ಕೆ ಸರಿದರು. ಇನ್ನು ಕೆಲವೇ ತಿಂಗಳಲ್ಲಿ ನಿವೃತ್ತನಾಗುವವನಿಗೆ ಈ ತಲೆನೋವು ಯಾಕೆ ಎಂದು ಕೇಳಿದರು. ಆಮೇಲೆ ದನಿ ತಗ್ಗಿಸಿದರು. ಕ್ಯಾನು ಬದಲಿಸಿದ್ದನ್ನು ಬೇಕಾದರೆ ಇಟ್ಟುಕೊಳ್ಳಿ, ಅದನ್ನು ಕಣ್ತಪ್ಪು ಅನ್ನಬಹುದು. ಆದರೆ ತೆರಪಿನ ಬಗ್ಗೆ ಬರೆದ ಕೊನೆಯ ಸಾಲು ಹೊಡೆದುಹಾಕಿ, ಅದಿದ್ದರೆ ನಿಮ್ಮನ್ನು ಯಾರೂ ಉಳಿಸಲಾರರು ಎಂದರು. ಅವರು ನನ್ನನ್ನು ಉಳಿಸಲು ನೋಡಿದರೋ ಕಂಪನಿಯನ್ನೋ ಎಂದು ಇಂದಿಗೂ ನನಗೆ ಅನುಮಾನ. ಬಹುಶಃ ಎರಡೂ ಇದ್ದೀತು. ನಾನು ಹೊಡೆಯಲಿಲ್ಲ. ಒಂದು ಪ್ರತಿ ಅವರ ಮೇಜಿನ ಮೇಲೆ ಬಿಟ್ಟು, ಇನ್ನೊಂದನ್ನು ಕಾರ್ಖಾನೆಗಳ ತಪಾಸಣೆಗೆ ಬರುವ ಸರಕಾರಿ ಅಧಿಕಾರಿಗೆ ಕಳಿಸಿದೆ.

ಅಧಿಕಾರಿ ಬುಧವಾರ ಆಸ್ಪತ್ರೆಗೆ ಬಂದರು. ಹೇಳಿಕೆ ಮರಾಠಿಯಲ್ಲಿತ್ತು. ಭೀಮಬಾಯಿ ಅದನ್ನು ಒಪ್ಪುತ್ತಾಳೆಯೇ ಎಂದು ತಿಳಿಯಬೇಕಿತ್ತು, ಅವಳ ಭಾಷೆಯಲ್ಲಿ ಓದಿ ಹೇಳಿ ಎಂದು ನನಗೇ ಹೇಳಿದರು. ಮಂಚದ ಒಂದು ಬದಿಗೆ ಆಕೆಯ ಗಂಡ ಊರುಗೋಲು ಹಿಡಿದು ನಿಂತಿದ್ದ, ಇನ್ನೊಂದು ಬದಿಗೆ ಅಧಿಕಾರಿ. ನಾನು ಒಂದೊಂದೇ ಸಾಲು ಕನ್ನಡದಲ್ಲಿ ಹೇಳುತ್ತ ಹೋದೆ. ಉಪ್ಪಿನ ಗಂಟಿನ ವಿಷಯ ಬಂದಾಗ ಗಂಡ ಮುಖ ಆಚೆ ತಿರುಗಿಸಿದ. ಆಕೆ ಕಿಟಕಿಯ ಹೊರಗೆ ನೋಡುತ್ತಿದ್ದಳು. ಕೊನೆಯ ಸಾಲಿಗೆ ಬಂದೆ. ಸುರಿಯುವ ಮೊದಲು ಆಕೆ ನನ್ನ ಕಡೆ ನೋಡಿದಳು, ಕ್ಯಾನಿನಲ್ಲಿ ಇದ್ದದ್ದು ಏನೆಂದು ತಿಳಿದಿದ್ದೂ ನಾನು ಸುಮ್ಮನಿದ್ದೆ.

ಅಧಿಕಾರಿ ಶಾಯಿಯ ಡಬ್ಬಿ ತೆರೆದು ಮುಂದೆ ಹಿಡಿದರು. ಭೀಮಬಾಯಿ ಕೈ ಚಾಚಲಿಲ್ಲ.

"ಆಖರೀದು ಇನ್ನೊಮ್ಮಿ ಓದ್ರಿ ಸರ," ಎಂದಳು.

ಓದಿದೆ. ಈ ಸಲ ಆಕೆ ಕಿಟಕಿಯಾಚೆ ನೋಡಲಿಲ್ಲ, ಓದಿ ಮುಗಿಯುವತನಕ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಆಮೇಲೆ ಹೆಬ್ಬೆರಳನ್ನು ಶಾಯಿಗೆ ಒತ್ತಿದಳು.